ನಡುವೆ ಅತ್ತೆ, ಬೆನ್ನಿಗೆ ಚೀಲ

ಅತ್ತೆ ತೀರಿಕೊಂಡ ಮೇಲೆ ನಮ್ಮ ಪುಣೆಯ ಮನೆಯಲ್ಲಿ ಮೊದಲು ನಿಂತುಹೋದದ್ದು ನಮ್ಮಿಬ್ಬರ ಮಾತು. ಜಗಳವಾಗಿ ಅಲ್ಲ. ಜಗಳಕ್ಕೂ ಮಾತು ಬೇಕಲ್ಲ.

ನಾವು ವಿಜಯಪುರದ ಕಡೆಯವರು. ಹಿರಿಯರ ಎದುರಿಗೆ ಗಂಡ ಹೆಂಡತಿ ಮುಖಾಮುಖಿ ಮಾತಾಡುವುದು ನಮ್ಮ ಅತ್ತೆಯ ಪ್ರಕಾರ ನಾಚಿಕೆಗೇಡು. ನಮ್ಮಂಥ ಚಿಕ್ಕ ಮನೆಯಲ್ಲಿ ಹಿರಿಯರ ಎದುರಿಗಲ್ಲದ ಜಾಗ ಎಂದರೆ ಬಚ್ಚಲು ಒಂದೇ. ಹಾಗಾಗಿ ಮದುವೆಯಾದಾಗಿನಿಂದ ನಮ್ಮವರು ನನಗೆ ಹೇಳಬೇಕಾದ್ದನ್ನೆಲ್ಲ ಅವರವ್ವನಿಗೆ ಹೇಳುತ್ತಿದ್ದರು. "ಅವ್ವಾ, ಚಾ ಸಿಗತದೇನು ಕೇಳು." ನಾನು ಒಲೆಯ ಮುಂದಿನಿಂದ, "ಅತ್ತಿ, ಹಾಲು ತಂದ್ರ ಸಿಗತದ ಅಂತ ಹೇಳ್ರಿ." ಅತ್ತೆ ನಡುವೆ ಮಂಚದ ಮೇಲೆ ಕೂತು, ಎರಡೂ ಕಡೆಯ ಮಾತಿಗೆ ತಮ್ಮದೊಂದು ಒಗ್ಗರಣೆ ಹಾಕಿ ದಾಟಿಸುತ್ತಿದ್ದರು. ಚಹಾದ ಮಾತು ನನ್ನ ಹತ್ತಿರ ಬರುವ ಹೊತ್ತಿಗೆ ನನ್ನ ತವರಿನವರಿಗೆಲ್ಲ ಬೈಗುಳವಾಗಿರುತ್ತಿತ್ತು. ನಮ್ಮವರು ಪೇಪರಿನ ಮರೆಯಲ್ಲಿ ತುಟಿ ಪಿಟ್ಟೆನ್ನುತ್ತಿರಲಿಲ್ಲ. ಅತ್ತೆಯ ಬೈಗುಳ ಮರೆತೇನು, ಆ ಪೇಪರನ್ನು ಮಾತ್ರ ಮರೆಯಲಾಗಲಿಲ್ಲ.

ಅತ್ತೆ ಹೋದರು, ಇವರಿಗೆ ನೌಕರಿಯಿಂದ ನಿವೃತ್ತಿಯಾಯಿತು. ಈಗ ಯಾರ ಮೂಲಕ ಮಾತಾಡುವುದು? ಟಿವಿಯಲ್ಲಿ ವಾರ್ತೆ ಓದುವ ಹುಡುಗಿಯ ಕಡೆ ನೋಡಿ, "ಇವತ್ತ ಪಲ್ಯ ಏನ ಅದನೊ" ಎನ್ನತೊಡಗಿದರು. ನಾನು ಕುಕ್ಕರಿಗೆ ಉತ್ತರ ಹೇಳುತ್ತಿದ್ದೆ. ನಗು ಬರುವ ಸಂಗತಿಯೇ, ಆದರೆ ನನಗೆ ಹೆದರಿಕೆಯಾಗಿತ್ತು. ನಡುವಿನಿಂದ ಅತ್ತೆಯನ್ನು ತೆಗೆದರೆ ನಮ್ಮಲ್ಲಿ ಏನೂ ಉಳಿದಿಲ್ಲವೇನೋ, ಉಳಿದ ಆಯುಷ್ಯವನ್ನು ಇಬ್ಬರು ಬಾಡಿಗೆದಾರರ ಹಾಗೆ ಕಳೆಯಬೇಕೇನೋ ಎಂದು.

ಮೇಲಿನ ಮನೆಯಲ್ಲಿ ಕಂಪ್ಯೂಟರ್ ಕೆಲಸದ ಮೈಸೂರಿನ ಹುಡುಗಿ ಇದ್ದಾಳೆ. ಅವಳ ಮುಂದೆ ಬಾಯಿಬಿಟ್ಟೆ. "ಆಂಟಿ, ಮಳೆಗಾಲದಲ್ಲಿ ಲೋಣಾವಳಾಗೆ ಎಲ್ರೂ ಹೋಗ್ತಾರೆ. ನೀವು ಕೋಸ್ಟ್ ಕಡೆ ಹೋಗಿ. ಹಳೇ ಊರುಗಳು, ಕೋಟೆಗಳು, ಸಖತ್ತಾಗಿರುತ್ತೆ" ಎಂದು ತನ್ನವೇ ಎರಡು ಬೆನ್ನಿನ ಚೀಲ ಕೊಟ್ಟಳು. ಅದರೊಳಗೆ ನಮ್ಮವರನ್ನೇ ಮಡಚಿ ತುಂಬಬಹುದಿತ್ತು. ಹೋಗುವ ಸುದ್ದಿಯನ್ನು ನಾನು ಕುಕ್ಕರಿಗೆ ಹೇಳಿದೆ, ನಮ್ಮವರು ಟಿವಿಯ ಹುಡುಗಿಗೆ ಹೂಂ ಎಂದರು. ನಾನು ಬಟ್ಟೆಗಿಂತ ಮೊದಲು ಕಡಕ್ ಜೋಳದ ರೊಟ್ಟಿಯ ಗಂಟು ಇಟ್ಟೆ. ನಮ್ಮ ಕಡೆಯವರು ಕಾಶಿಗೆ ಹೊರಟರೂ ಅದೇ ಬುತ್ತಿ. ರೊಟ್ಟಿ ಕಡಕ್ ಆಗಿ ಉಳಿಯುವುದು ಬಿಸಿಲ ನಾಡಿನಲ್ಲಿ ಎಂಬುದು ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ.

ಪುಣೆಯ ಸ್ವಾರಗೇಟ್ ಸ್ಟ್ಯಾಂಡಿನಲ್ಲಿ ರತ್ನಾಗಿರಿಯ ಬಸ್ಸು ಹತ್ತಿದೆವು. ನಮ್ಮವರಿಗೆ ಕೂಡಲೇ ಹೊಸ ಅವ್ವ ಸಿಕ್ಕರು: ಕಂಡಕ್ಟರ್. ಆ ಹೆಣ್ಣುಮಗಳಿಗೆ ಕಿಟಕಿ ಬೇಕೇನು ಕೇಳಿ ಎಂದು ಮರಾಠಿಯಲ್ಲಿ ಅವನಿಗೆ ಹೇಳಿದರು. ಬೇಡವೆಂದು ಅವರಿಗೆ ಹೇಳಿ ಎಂದು ನಾನೂ ಅವನಿಗೇ ಹೇಳಿದೆ. ಪಾಪ, ಅವನು ನಮ್ಮನ್ನು ಪರಿಚಯವಿಲ್ಲದವರು ಅಂದುಕೊಂಡ. ಸ್ವಲ್ಪ ಹೊತ್ತಿಗೆ ಬಗ್ಗಿ, ಈ ಮನುಷ್ಯ ತ್ರಾಸು ಕೊಡುತ್ತಿದ್ದಾನೇನು ಎಂದು ನನ್ನನ್ನು ಮೆಲ್ಲಗೆ ಕೇಳಿದ. ಮದುವೆಯಾದಾಗಿನಿಂದ ಕೊಡುತ್ತಿದ್ದಾರೆ ಎಂದೆ. ಅವನು ನನ್ನನ್ನು ಎಬ್ಬಿಸಿ ಹೆಂಗಸರ ಸೀಟಿನಲ್ಲಿ ಕೂರಿಸಿದ. ಘಾಟಿನ ತಿರುವುಗಳನ್ನೆಲ್ಲ ನಾನು ಒಬ್ಬಳೇ ಹಾಯಾಗಿ ನೋಡಿದೆ.

ರತ್ನಾಗಿರಿಯಲ್ಲಿ ಬ್ರಿಟಿಷರು ಬ್ರಹ್ಮದೇಶದ ರಾಜನನ್ನು ಸೆರೆ ತಂದಿಟ್ಟಿದ್ದ ಅರಮನೆ ನೋಡಿದೆವು. ಅಲ್ಲಿ ಕಾವಲುಗಾರನ ಮೂಲಕ ನನ್ನ ಮೊಣಕಾಲು ನೋವಿನ ವಿಚಾರಣೆಯಾಯಿತು. ಹೊರಗೆ ಮಳೆಯೋ ಮಳೆ. ಕೊಡೆ ತಿರುಗಿಬಿದ್ದು ಮುರಿಯಿತು, ಚೀಲ ನೆನೆದು ದುಪ್ಪಟ್ಟು ಭಾರವಾಯಿತು. ಮೈಸೂರಿನವಳಿಗೆ ಮನಸಾರೆ ಶಾಪ ಹಾಕಿದೆ.

ಅಲ್ಲಿಂದ ಮಾಲವಣ. ಸಮುದ್ರದ ನಡುವಿನ ಕೋಟೆ ನೋಡಲೇಬೇಕೆಂದು ನಮ್ಮವರ ಆಸೆ. ದೋಣಿಕಟ್ಟೆಗೆ ಹೋದರೆ ದೋಣಿಗಳೆಲ್ಲ ದಡಕ್ಕೆ ಹತ್ತಿ ತಾಡಪತ್ರಿ ಹೊದ್ದು ಮಲಗಿವೆ. ಮಳೆಗಾಲದಲ್ಲಿ ಕೋಟೆಗೆ ದೋಣಿ ಬಿಡುವುದಿಲ್ಲವೆಂದು ಕೊಂಕಣದ ಕೂಸಿಗೂ ಗೊತ್ತು. ನಮ್ಮ ಊರಲ್ಲಿ ಮಳೆ ಎಂದರೆ ಬಾರೆಂದು ಕರೆಯುವಂಥದ್ದು, ಬಾಗಿಲು ಹಾಕಿಸುವಂಥದ್ದಲ್ಲ.

ತಗಡಿನ ಮಾಡಿನ ಕೆಳಗೆ ನಿಂತೆವು. ಕೋಟೆ ಮಳೆಯಲ್ಲಿ ಅರ್ಧ ಕಾಣುತ್ತಿತ್ತು, ಅರ್ಧ ಇಲ್ಲ. ನಮ್ಮವರು ಆಚೀಚೆ ನೋಡಿದರು. ಒಂದು ನರಪಿಳ್ಳೆಯೂ ಇಲ್ಲ. ಒಂದು ನಾಯಿ ಇದ್ದಿದ್ದರೂ ಅದಕ್ಕೆ ಹೇಳುತ್ತಿದ್ದರು. ಗಂಟಲು ಸರಿಮಾಡಿಕೊಂಡರು, ಮತ್ತೊಮ್ಮೆ ಸರಿಮಾಡಿಕೊಂಡರು.

"ನಿನಗ ಹಸಿವಿ ಆಗೇದೇನು?"

ನನ್ನ ಹಿಂದೆ ಯಾರಾದರೂ ಬಂದರೇನೋ ಎಂದು ನಾನು ತಿರುಗಿ ನೋಡಿದೆ. ಆಮೇಲೆ, "ಆಗೇದ" ಎಂದೆ.

ಗಂಟು ಬಿಚ್ಚಿದೆ. ಕಡಕ್ ರೊಟ್ಟಿ ಒದ್ದೆ ಅರಿವೆಯ ಹಾಗೆ ಜೋತುಬಿತ್ತು. ಒಂದನ್ನು ಎತ್ತಿ ಹಿಡಿದು, "ಅವ್ವ ನೋಡಿದ್ರ ಬೈತಿದ್ಲು" ಎಂದರು.

"ನನಗ ಬೈತಿದ್ರು. ನೀವು ಪೇಪರ್ ಓದತಿದ್ರಿ."

ಮಾತು ಹೊರಗೆ ಬಿದ್ದೇ ಬಿಟ್ಟಿತು. ಅವರು ರೊಟ್ಟಿ ಜಗ್ಗಿ ಹರಿದು ಬಹಳ ಹೊತ್ತು ಅಗಿದರು.

"ನಿನ್ನ ಪರವಾಗಿ ಒಮ್ಮೆ ಮಾತಾಡಿದ್ದೆ. ಮದುವಿ ಆದ ಹೊಸದಾಗಿ. ಆವತ್ತ ಅವ್ವ ನಿನಗ ಊಟಾನ ಹಾಕಲಿಲ್ಲ. ಇನ್ನೊಮ್ಮೆ ಮಾತಾಡಿದ್ರ ಇನ್ನೇನು ಮಾಡತಾಳೊ ಅಂತ ಸುಮ್ಮನಾದೆ."

ಆ ದಿನ ನನಗೆ ನೆನಪಿದೆ. ಸಾರಿಗೆ ಉಪ್ಪು ಹೆಚ್ಚಾಗಿದ್ದಕ್ಕೆ ಆ ಶಿಕ್ಷೆ ಎಂದೇ ಇಷ್ಟು ವರ್ಷ ತಿಳಿದಿದ್ದೆ. ಅಂದಿನಿಂದ ಸಾರಿಗೆ ಉಪ್ಪನ್ನು ಅಂಜಿ ಅಂಜಿ ಹಾಕುತ್ತ ಬಂದವಳು ನಾನು.

"ಅದನ್ನ ನನಗರ ಹೇಳಬೇಕಿತ್ತಲ್ರಿ."

"ಹೆಂಗ ಹೇಳಲಿ? ನಿನಗ ಹೇಳೋದೆಲ್ಲ ಆಕಿ ಕಡಿಂದನ ಹೇಳತಿದ್ನಲ್ಲ."

ನಕ್ಕುಬಿಟ್ಟೆ. ನಗುತ್ತಲೇ ಅಳು ಬಂತು. ಅವರು ಗಾಬರಿಯಾಗಿ ಕೈಯಲ್ಲಿದ್ದ ರೊಟ್ಟಿಯನ್ನೇ ನನ್ನ ಕಡೆ ಚಾಚಿದರು, ಕಣ್ಣೊರೆಸಿಕೊಳ್ಳಲೋ ತಿನ್ನಲೋ ಗೊತ್ತಾಗಲಿಲ್ಲ. ಸಿಟ್ಟೆಲ್ಲ ಹೋಯಿತು ಎಂದರೆ ಸುಳ್ಳಾಗುತ್ತದೆ. ಅರ್ಧ ಹೋಯಿತು.

ಸಂಜೆಗೆ ಮುಂಚೆ ಸ್ಟ್ಯಾಂಡಿಗೆ ಬಂದು ಸಿಕ್ಕ ಬಸ್ಸು ಹತ್ತಿದೆವು. ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದ. ನಮ್ಮವರು ಅವನ ಕಡೆ ನೋಡಲಿಲ್ಲ. ನನ್ನ ಕಡೆ ತಿರುಗಿ, "ಎಲ್ಲಿಗೆ ಹೋಗೂಣು? ನೀ ಹೇಳು" ಎಂದರು.

ನಾನು ಬೇಕೆಂತಲೇ ತಡಮಾಡಿದೆ. ಕಂಡಕ್ಟರ್ ಟಿಕೆಟ್ ಯಂತ್ರ ಹಿಡಿದು ಕಾಯುತ್ತಿದ್ದ. ಇವರೂ ಕಾಯುತ್ತಿದ್ದರು. ಕಾಯಲಿ ಅಂದುಕೊಂಡೆ.