ಒಂದೆಲಗ ಇಲ್ಲದ ನಾಲ್ಕು ತಿಂಗಳು

ಮೊನ್ನೆ ನಮ್ಮ ಡಾಕ್ಟರು, "ಸೊಪ್ಪು, ಕಾಳು ಚೆನ್ನಾಗಿ ತಿನ್ನಿ ಅಮ್ಮ, ಈ ವಯಸ್ಸಿನಲ್ಲಿ ಬ್ರೈನಿಗೆ ಒಳ್ಳೇದು" ಎಂದರು. ನನಗೆ ಹಾಸನದ ಮನೆಯ ಬಚ್ಚಲ ಹಿಂದೆ ಹಬ್ಬಿದ್ದ ಒಂದೆಲಗ ನೆನಪಾಯಿತು.

ಐವತ್ತರ ದಶಕದ ಕೊನೆ ಇರಬೇಕು. ನಾನಾಗ ಕಾನ್ವೆಂಟ್ ಹುಡುಗಿ. ಅಪ್ಪನ ತಾಯಿ, ನಮ್ಮಜ್ಜಿ, ಚನ್ನರಾಯಪಟ್ಟಣದ ಕಡೆಯವರು. ನಾವು ಜೈನರು, ಬೆಳಿಗ್ಗೆ ಇಪ್ಪತ್ತನಾಲ್ಕು ತೀರ್ಥಂಕರರ ಹೆಸರು ಹೇಳದೆ ಅಜ್ಜಿ ಬಾಯಿಗೆ ಏನನ್ನೂ ಹಾಕುತ್ತಿರಲಿಲ್ಲ. ಆ ವರ್ಷ ಹದಿನೇಳನೆಯ ಹೆಸರಿಗೆ ಬಂದು ನಿಲ್ಲತೊಡಗಿದರು. ನಿಂತರೆ ಮತ್ತೆ ಮೊದಲಿನಿಂದ. ಮೂರು ಸಲ ತಪ್ಪಿದರೆ ಆ ಹೊತ್ತು ಉಪವಾಸ ಎಂದು ತಾವೇ ರೂಲ್ ಮಾಡಿಕೊಂಡರು. ಬಳೆ ಮೊಣಕೈವರೆಗೆ ಜಾರುವಷ್ಟು ಇಳಿದುಹೋದರು.

ಪಂಡಿತರೊಬ್ಬರು ಮರೆವಿಗೆ ಒಂದೆಲಗ ಹೇಳಿದರು. ಅಮ್ಮ ಕಾಯಿ, ಜೀರಿಗೆ ಹಾಕಿ ದಿನವೂ ಚಟ್ನಿ ರುಬ್ಬಿದಳು. ಎರಡು ವಾರ ಕಳೆಯುವಷ್ಟರಲ್ಲಿ ಚಾತುರ್ಮಾಸ ಬಂತು. ಮಳೆಗಾಲದ ಎಲೆಯಲ್ಲಿ ಹುಳು ಇರುತ್ತದೆಂದು ಅಜ್ಜಿ ನಾಲ್ಕು ತಿಂಗಳು ಸೊಪ್ಪು ಮುಟ್ಟುವವರಲ್ಲ.

ನಾನೊಂದು ಪ್ಲಾನ್ ಮಾಡಿದೆ. ಎಲೆ ಒಣಗಿಸಿ, ಪುಡಿ ಮಾಡಿ, ಹುರಿಗಡಲೆ ಚಟ್ನಿಪುಡಿಗೆ ಬೆರೆಸಿಟ್ಟೆ. ಮಾರಲ್ ಸೈನ್ಸಿನಲ್ಲಿ ಕ್ಲಾಸಿಗೇ ಫಸ್ಟ್ ಬರುತ್ತಿದ್ದವಳು ನಾನು.

ಅಂದು ಮೂರನೆಯ ಸಲಕ್ಕೆ ಹೇಗೋ ಹೆಸರು ಮುಗಿಸಿದ ಅಜ್ಜಿ, ತುತ್ತನ್ನು ಮೂಗಿನ ಹತ್ತಿರ ತಂದು ನಿಲ್ಲಿಸಿದರು.

"ಏನೇ ಇದು? ಒಂದೆಲಗದ ವಾಸ್ನೆ."

"ಒಣಗಿದ್ದು ಅಜ್ಜಿ, ಪುಡಿ ಅಷ್ಟೆ."

"ಒಣಗಿದ್ರೂ ಸೊಪ್ಪು ಸೊಪ್ಪೇ ಕಣೆ. ವ್ರತಾನೂ ಮರ್ತ್ಬುಟ್ಟವಳೆ ಮುದ್ಕಿ ಅಂದ್ಕಂಡ್ಯಾ?"

ನನಗೆ ಅಳು ಬಂತು. "ಹೆಸ್ರು ಮರ್ತ್ರೆ ನೀನ್ ಉಣ್ಣಲ್ವಲ್ಲ."

ಅಜ್ಜಿ ತಟ್ಟೆ ಸರಿಸಿದರು. "ನಿಂಗೆ ಎಷ್ಟು ಹೆಸ್ರು ಬತ್ತದೆ?"

ಮೂರು ಬರುತ್ತಿದ್ದವು.

"ಇಂಗ್ಲೀಷ್ ಪ್ರೇಯರ್ ಮಾತ್ರ ಪಟಪಟ ಅಂತ ಹೇಳ್ತೀಯ. ನಾಳೆಯಿಂದ ನನ್ ಮುಂದೆ ಕೂತ್ಕೊ. ಒಂದ್ ನೀನು, ಒಂದ್ ನಾನು. ಮೊದ್ಲು ನೀನು."

ವಾರದಲ್ಲಿ ಎಲ್ಲವನ್ನೂ ಬೈ ಹಾರ್ಟ್ ಮಾಡಿದೆ. ಮೊದಲು ನಾನು ಶುರುಮಾಡಿದರೆ ಹದಿನೇಳನೆಯದು ನನ್ನ ಪಾಲಿಗೇ ಬರುತ್ತದೆಂಬುದು ಬಹಳ ದಿನದ ಮೇಲೆ ಹೊಳೆಯಿತು. ಆದರೆ ಅಜ್ಜಿ ದಿನವೂ ತಿಂಡಿ ತಿನ್ನುತ್ತಿದ್ದರು, ಅದಕ್ಕೇ ಬಾಯಿ ಬಿಡಲಿಲ್ಲ.

ಭಾದ್ರಪದದ ಒಂದು ಬೆಳಿಗ್ಗೆ ಅವರೇ, "ಇವತ್ತು ಮೊದ್ಲು ನಾನು" ಎಂದರು. ಹದಿನಾರನೆಯದು ಹೇಳಿ ನಾನು ಉಸಿರು ಹಿಡಿದು ಕೂತೆ. ಅಜ್ಜಿ ಕಣ್ಣು ಮುಚ್ಚಿದರು. ಒಲೆಯ ಮೇಲೆ ಇಡ್ಲಿ ನೀರು ಕುದಿಯುವುದು ಕೇಳಿಸುತ್ತಿತ್ತು. ಆಮೇಲೆ ಹದಿನೇಳನೆಯ ಹೆಸರು ನಿಧಾನವಾಗಿ, ಸ್ಪಷ್ಟವಾಗಿ ಬಂತು. ಆ ದಿನ ಮೂರು ಇಡ್ಲಿ ತಿಂದರು.

ದೀಪಾವಳಿ ಕಳೆದು ಒಂದೆಲಗದ ಚಟ್ನಿ ಮತ್ತೆ ಎಲೆಗೆ ಬಿದ್ದಾಗ, ದುದ್ದದಿಂದ ಬಂದಿದ್ದ ಅತ್ತೆ, "ನೋಡ್ದ್ಯಾ ಅವ್ವ, ಎಂಗ್ ಚುರುಕಾಗಿದ್ದೀಯ. ಎಲ್ಲಾ ಈ ಸೊಪ್ಪಿನ ಗುಣ" ಎಂದರು.

ಅಜ್ಜಿ ನನ್ನ ಕಡೆ ಒಮ್ಮೆ ನೋಡಿ, "ಊಂ ಕಣೆ, ಒಳ್ಳೆ ಸೊಪ್ಪು" ಎಂದು ಇನ್ನೊಂದಿಷ್ಟು ಹಾಕಿಸಿಕೊಂಡರು.