ಇಬ್ಬರು ಮಲಗುವಷ್ಟು ಅಗಲ

ಬೆಳಗ್ಗೆ ಎದ್ದ ಕೂಡಲೇ ರತ್ನ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಸೊಂಟ ನೋವು. ಅವಳು ಸಿಟಿ ಬಸ್ಸಿನಲ್ಲಿ ಕಂಡಕ್ಟರ್. ದಿನವಿಡೀ ನಿಂತು ಓಡಾಡುವವಳಿಗೆ ಸೊಂಟ ನೋಯದೆ ಇರುತ್ತದೆಯೇ ಎಂದುಕೊಂಡೆವು. ಆಮೇಲೆ ತಪ್ಪನ್ನು ಹಾಸಿಗೆಯ ಮೇಲೆ ಹೊರಿಸಿದೆವು. ನಮ್ಮ ಮದುವೆಯಲ್ಲಿ ಬಂದ ಹತ್ತಿಯ ಹಾಸಿಗೆ ಅದು, ಗಂಟುಗಂಟಾಗಿ ನಡುವೆ ಹಳ್ಳ ಬಿದ್ದಿತ್ತು.

"ಹಾಸಿಗೆ ಬದಲಾಯಿಸಿದ್ರೆ ಸರಿಹೋಗುತ್ತೆ ಕಣ್ರೀ," ಎಂದಳು.

ನನಗೂ ಹಾಗೇ ಅನ್ನಿಸಿತು. ಕೆಂಪಾಪುರದ ನನ್ನ ಫ್ಲೋರ್ ಮಿಲ್ಲಿಗೆ ಒಂದು ಭಾನುವಾರ ಬೀಗ ಹಾಕಿ, ಇಬ್ಬರೂ ಯಶವಂತಪುರದ ಅಂಗಡಿಗೆ ಹೋದೆವು.

ಅಂಗಡಿಯವರು ತೆಂಗಿನ ನಾರಿನದು, ಫೋಮಿನದು, ಸ್ಪ್ರಿಂಗಿನದು ಎಂದು ಒಂದೊಂದನ್ನೇ ತೋರಿಸಿದರು. "ಕೈಯಲ್ಲಿ ಒತ್ತಿದ್ರೆ ಗೊತ್ತಾಗಲ್ಲ ಮೇಡಂ. ಚಪ್ಪಲಿ ಬಿಟ್ಟು ಮಲಗಿ ನೋಡಿ." ರತ್ನ ನಾಚಿಕೊಂಡು, ಸೆರಗು ಸರಿಮಾಡಿಕೊಂಡು ಮಲಗಿದಳು. ಅಲ್ಲಿಂದಲೇ ನನ್ನನ್ನು ನೋಡಿ ನಕ್ಕಳು. ನಾನು ಬೆಲೆಯ ಚೀಟಿ ಓದುತ್ತಿದ್ದೆ.

"ರೀ, ಏಳೋಕಾಗ್ತಿಲ್ಲ."

ತಮಾಷೆ ಎಂದುಕೊಂಡೆ. ಕೈಹಿಡಿದು ಎಳೆದೆ. ಅವಳು ಕಿರುಚಿದಳು. ಹೆರಿಗೆಯಲ್ಲೂ ಅವಳು ಹಾಗೆ ಕಿರುಚಿರಲಿಲ್ಲ.

ಆಂಬುಲೆನ್ಸ್ ಅಂಗಡಿಯ ಬಾಗಿಲಿಗೇ ಬಂತು.

ಎಕ್ಸ್-ರೇ, ಎಂಆರ್‌ಐ, ರಕ್ತ, ಕೊನೆಗೆ ಬೋನ್ ಮ್ಯಾರೋ ಬಯಾಪ್ಸಿ. ಡಾಕ್ಟರಮ್ಮ ನನ್ನನ್ನೂ ಮಗಳು ಸಹನಾಳನ್ನೂ ಎದುರಿಗೆ ಕೂರಿಸಿಕೊಂಡರು. "ಮಲ್ಟಿಪಲ್ ಮೈಲೋಮ. ಒಂಥರಾ ರಕ್ತದ ಕ್ಯಾನ್ಸರ್. ಮೂಳೇನ ಒಳಗಿಂದ ತಿನ್ನುತ್ತೆ. ಬೆನ್ನಿನ ಒಂದು ಮೂಳೆ ಕುಸಿದಿದೆ."

"ವಾಸಿ ಆಗುತ್ತಾ ಮೇಡಂ?" ಸಹನಾ ಕೇಳಿದಳು.

"ಹತೋಟಿಗೆ ತರಬಹುದು. ಪೂರ್ತಿ ಹೋಗುತ್ತೆ ಅಂತ ನಾನು ಹೇಳಲ್ಲ."

ಹಾಸಿಗೆಯ ತಪ್ಪಾಗಿರಲಿಲ್ಲ.

ರೇಡಿಯೇಶನ್ ಆಯಿತು, ಕೀಮೋ ಶುರುವಾಯಿತು. ಬಸ್ಸಿನ ಹಿಂದಿನ ಸೀಟಿಗೂ ಕೇಳುತ್ತಿದ್ದ ಅವಳ ದನಿ, ಪಕ್ಕದಲ್ಲಿ ಕೂತವರೂ ಬಗ್ಗಿ ಕೇಳುವಷ್ಟಕ್ಕೆ ಇಳಿಯಿತು. ಮಿಲ್ ತೆಗೆಯುವ ಹೊತ್ತು, ಸಹನಾ ಕಾಲೇಜಿಗೆ ಹೋಗುವ ಹೊತ್ತು, ನಾವು ಉಣ್ಣುವ ಹೊತ್ತು, ಎಲ್ಲವೂ ಅವಳ ಮಾತ್ರೆಗಳ ಹೊತ್ತಿಗೆ ಹೊಂದಿಕೊಂಡವು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ನನಗೆ ನೆನಪಿರುತ್ತಿರಲಿಲ್ಲ.

ಆಸ್ಪತ್ರೆಯಿಂದ ಮನೆಗೆ ಕಳಿಸುವಾಗಲೇ ಡಾಕ್ಟರಮ್ಮ ಹೇಳಿದ್ದರು: "ಹಳೇ ಹಾಸಿಗೆ ಬೇಡ. ಹೂತುಹೋಗೋವಷ್ಟು ಮೆತ್ತಗಿರೋದೂ ಬೇಡ, ಹಲಗೆ ತರ ಗಟ್ಟಿನೂ ಬೇಡ. ಪಕ್ಕಕ್ಕೆ ತಿರುಗೋಕೆ, ಅಂಚಲ್ಲಿ ಕೂತು ಏಳೋಕೆ ಸುಲಭ ಇರ್ಬೇಕು. ಆರ್ಥೋಪೆಡಿಕ್ ಅಂತ ಬರೆದಿದೆ ಅಂತ ದುಡ್ಡು ಸುರೀಬೇಡಿ."

ರತ್ನಳನ್ನು ನನ್ನ ಅಕ್ಕನ ಜೊತೆ ಮನೆಯಲ್ಲಿ ಬಿಟ್ಟು, ನಾನೂ ಸಹನಾಳೂ ಯಲಹಂಕದ ಅಂಗಡಿಗೆ ಹೋದೆವು. ಸಹನಾ ವಿಡಿಯೋ ಕಾಲ್ ಮಾಡಿ ಅಮ್ಮನಿಗೆ ಒಂದೊಂದನ್ನೂ ತೋರಿಸಿದಳು. ಅಂಗಡಿಯಾಕೆ ಮೊದಲು ತೋರಿಸಿದ್ದು ಮೆಮರಿ ಫೋಮ್, ಮೈಯ ಆಕಾರಕ್ಕೆ ತಗ್ಗುವ ದುಬಾರಿ ಹಾಸಿಗೆ. ಆ ದಿನ ಚಿನ್ನದ ಹಾಸಿಗೆ ತೋರಿಸಿದ್ದರೂ ನಾನು ಹೂಂ ಅನ್ನುತ್ತಿದ್ದೆ.

"ಅಷ್ಟೊಂದಾ? ಆ ದುಡ್ಡು ಇಂಜೆಕ್ಷನ್‌ಗೆ ಬೇಕು. ಬೇರೆ ತೋರಿಸೋಕೆ ಹೇಳಿ," ಎಂದಳು ರತ್ನ ಫೋನಿನಿಂದ.

ಆಮೇಲೆ ಕಂಡದ್ದು ಸಾದಾ ಹಾಸಿಗೆ. ಕೆಳಗೆ ಗಟ್ಟಿ ಫೋಮ್, ಮೇಲೆ ತೆಳ್ಳನೆಯ ಮೆತ್ತನೆ ಪದರ. ಕವರ್ ಬಿಚ್ಚಿ ಒಗೆಯಬಹುದು. ಅಂಚಿನಲ್ಲಿ ಕೂತೆ, ಜಾರಲಿಲ್ಲ.

"ಹತ್ತು ವರ್ಷ ವಾರಂಟಿ ಇದೆ ಮೇಡಂ," ಎಂದು ಅಂಗಡಿಯಾಕೆ ಫೋನಿನತ್ತ ಬಗ್ಗಿ ಹೇಳಿದರು. ಅವರಿಗೇನು ಗೊತ್ತು, ಪಾಪ.



ರತ್ನ ಅಂದಳು, "ಸಹನಾ, ನಿಮ್ಮಪ್ಪ ಮಲಗಿ ನೋಡ್ಲಿ. ಅವ್ರಿಗೆ ಸರಿಹೋಗ್ಬೇಕು."

ಮಲಗಿದೆ. "ಹೇಗಿದೆ ರೀ?" ಎಂದಳು. ಮೇಲಿನ ಟ್ಯೂಬ್‌ಲೈಟನ್ನೇ ನೋಡುತ್ತಾ "ಚೆನ್ನಾಗಿದೆ ಕಣೇ" ಅಂದೆ. ಸಹನಾ ಮುಖ ಆ ಕಡೆ ತಿರುಗಿಸಿಕೊಂಡಳು.

ರೋಗಿಗೆ ಒಬ್ಬರೇ ಮಲಗುವ ಸಿಂಗಲ್ ಸಾಕು, ಕಡಿಮೆ ಬೆಲೆಗೂ ಸಿಗುತ್ತದೆ ಎಂದು ನಂಟರೆಲ್ಲ ಹೇಳಿದ್ದರು. ನಾನೂ ಅಂಗಡಿಯಾಕೆಯ ಹತ್ತಿರ ಸಿಂಗಲ್ಲನ್ನೇ ಕೊಡಿ ಅಂದಿದ್ದೆ.

"ಸಿಂಗಲ್ ಬೇಡ," ಎಂದಳು ರತ್ನ. "ಅಗಲ ಇರೋದೇ ತಗೊಳ್ಳಿ."

ಅಗಲದ್ದೇ ಬಂತು. ಆದರೂ ನಾನು ಕೆಳಗೆ ಚಾಪೆಯ ಮೇಲೇ ಮಲಗುತ್ತಿದ್ದೆ. ನಾನು ಮಗ್ಗುಲಾದರೆ ಹಾಸಿಗೆ ಅಲುಗುತ್ತದೆ, ಅಲುಗಿದರೆ ಅವಳ ಬೆನ್ನಿಗೆ ನೋವು.

ಈಗ ಅವಳು ಬೆನ್ನಿಗೆ ಬೆಲ್ಟ್ ಕಟ್ಟಿಕೊಂಡು ಬಾಲ್ಕನಿಯವರೆಗೆ ನಡೆಯುತ್ತಾಳೆ. ಬಸ್ಸಿಗೆ ಮತ್ತೆ ಹೋಗುವ ಹಾಗಿಲ್ಲ. ಎತ್ತರ ಕಡಿಮೆಯಾಗಿದೆ, ಮೊದಲು ನನ್ನ ಕಿವಿಯ ಮಟ್ಟಕ್ಕಿದ್ದವಳು ಈಗ ಗದ್ದಕ್ಕೆ ಬರುತ್ತಾಳೆ. ಕಳೆದ ರಿಪೋರ್ಟ್ ನೋಡಿ ಡಾಕ್ಟರಮ್ಮ, "ಸದ್ಯಕ್ಕೆ ಕಾಯಿಲೆ ಸುಮ್ನಿದೆ," ಎಂದರು. ಸದ್ಯಕ್ಕೆ ಎಂಬ ಮಾತನ್ನು ನಾವು ಮೂವರೂ ಜೋಪಾನವಾಗಿ ಮನೆಗೆ ತಂದೆವು. ಅಷ್ಟು ಸಿಕ್ಕಿದ್ದಕ್ಕೆ ಕೈಮುಗಿಯುತ್ತೇನೆ.

ಮೊನ್ನೆ ಮಧ್ಯಾಹ್ನ ಮಿಲ್ ಮುಚ್ಚಿ ಬಂದು, ಊಟ ಮುಗಿಸಿ, ಸ್ವಲ್ಪ ಒರಗಲು ಚಾಪೆ ಬಿಡಿಸುತ್ತಿದ್ದೆ.

"ಎಷ್ಟು ದಿನ ಕೆಳಗೆ? ಮೇಲೆ ಬನ್ನಿ," ಎಂದಳು.

"ನಿಂಗೆ ನೋವಾದ್ರೆ?"

"ಆದ್ರೆ ಹೇಳ್ತೀನಿ."

ಉಸಿರು ಬಿಗಿಹಿಡಿದು ಅಂಚಿನಲ್ಲಿ ಮಲಗಿದೆ. ಹಾಸಿಗೆ ಸ್ವಲ್ಪ ತಗ್ಗಿತು. ಅವಳು ತುಟಿ ಕಚ್ಚಿದ್ದು ಕಂಡಿತು.

"ನೋವಾಯ್ತಾ?"

"ಸ್ವಲ್ಪ. ಇರ್ಲಿ, ಏಳ್ಬೇಡಿ."

ನಾನು ಏಳಲಿಲ್ಲ.