ನೋರಾಳ ಉಗುಳು, ಅಮ್ಮನ ಉಪ್ಪು-ಮೆಣಸು

ಮಸ್ಕತ್ತಿನ ರೂವಿಗೆ ಬಂದ ಮೊದಲ ವಾರವೇ ಮೇಲಿನ ಮನೆಯ ಐರಿಷ್ ಹೆಂಗಸು ನನ್ನ ಕೂಸಿನ ಮೇಲೆ ಉಗುಳಿದಳು. ಲಿಫ್ಟಿನಲ್ಲಿ, ನನ್ನ ಕಣ್ಣೆದುರೇ. "ಎಷ್ಟು ಚಂದದ ಹುಡುಗ! ಗಾಡ್ ಬ್ಲೆಸ್ ಹಿಮ್" ಎಂದವಳೇ ಥೂ ಎಂದಳು. ಎಂಬತ್ತರ ದಶಕ; ಬಿಳಿಯರೆಂದರೆ ಬಲು ನಾಜೂಕಿನವರೆಂದು ನಂಬಿದ್ದ ಉಡುಪಿ ಕಡೆಯ ಹೆಣ್ಣು ನಾನು. ಮಗುವನ್ನು ಅವಚಿಕೊಂಡು ಓಡಿ ಬಾಗಿಲು ಹಾಕಿಕೊಂಡೆ.

ಸಂಜೆ ಆಕೆಯೇ ಕೇಕು ಹಿಡಿದು ಬಂದಳು. ಹೆಸರು ನೋರಾ, ರಾತ್ರಿ ಪಾಳಿಯ ನರ್ಸ್, ನನ್ನಮ್ಮನ ವಯಸ್ಸು. ತೊಟ್ಟಿಲಲ್ಲಿ ನಾನಿಟ್ಟಿದ್ದ ಚೂರಿ ಕಂಡು ಜೋರಾಗಿ ನಕ್ಕಳು. "ನಿಮ್ಮಲ್ಲೂ ಕಬ್ಬಿಣವೇ? ನಮ್ಮಜ್ಜಿ ತೊಟ್ಟಿಲಿಗೆ ಅಡ್ಡವಾಗಿ ಒಲೆಯ ಇಕ್ಕಳ ಇಡುತ್ತಿದ್ದಳು."

"ಯಾರ ಭಯಕ್ಕೆ?"

"ಆ ಒಳ್ಳೆಯ ಜನ ಇದ್ದಾರಲ್ಲ," ಎಂದಳು ದನಿ ತಗ್ಗಿಸಿ.

ನಮ್ಮಲ್ಲಿ ಕತ್ತಲಾದ ಮೇಲೆ ಹಾವಿಗೆ ಬಳ್ಳಿ ಎನ್ನುವ ಹಾಗೆ, ಅವರಲ್ಲಿ ಗುಡ್ಡದೊಳಗಿನ ಕಿನ್ನರರ ಹೆಸರೆತ್ತುವಂತಿಲ್ಲ, 'ಒಳ್ಳೆಯ ಜನ' ಎನ್ನಬೇಕು. ದೇವರನ್ನು ನೆನೆಯದೆ ಮಗುವನ್ನು ಹೊಗಳಿದರೆ ಅವರು ಅದನ್ನು ಒಯ್ದು, ಸೊರಗಿದ ತಮ್ಮದೊಂದನ್ನು ಮಲಗಿಸಿ ಹೋಗುತ್ತಾರಂತೆ. ಉಗುಳಿದರೆ ಬಿಟ್ಟುಬಿಡುತ್ತಾರಂತೆ. ಕೆಳಗಿನ ಅಂಗಡಿಯ ಒಮಾನಿ ಮುದುಕನೂ "ಮಾಶಾ ಅಲ್ಲಾಹ್", ಎಲ್ಲ ದೇವರಿಚ್ಛೆ, ಎನ್ನದೆ ಮಗನ ಕೆನ್ನೆ ಮುಟ್ಟುತ್ತಿರಲಿಲ್ಲ. ಪರವೂರು ಅಷ್ಟೇನೂ ಪರವಲ್ಲ ಅನ್ನಿಸಿತು.

ನಾನು ಆಫೀಸಿಗೆ ಸೇರಿದ ಮೇಲೆ ಮಗ ನೋರಾಳ ಮಡಿಲಲ್ಲೇ ಬೆಳೆದ. ಅಮ್ಮ ಊರಿನಿಂದ ಕ್ಯಾಸೆಟ್ಟಿನಲ್ಲಿ ಮಾತು ತುಂಬಿ ಕಳಿಸುತ್ತಿದ್ದಳು: "ಮಗುವಿಗೆ ದೃಷ್ಟಿ ತೆಗೀತಿದ್ದೀಯಲ್ಲ ಮಗಾ?" ನಾನು, "ಹೌದಮ್ಮ, ನಾನೇ ತೆಗೀತೇನೆ" ಎಂದು ತುಂಬಿ ಕಳಿಸುತ್ತಿದ್ದೆ. ನನಗೆಲ್ಲಿತ್ತು ಪುರುಸೊತ್ತು? ಅಜ್ಜಿಯ ಪಾಲಿನ ಕೆಲಸವನ್ನು ಬೇರೊಬ್ಬಳಿಗೆ ಒಪ್ಪಿಸಿದ ಅಳುಕು ಪ್ರತಿ ಕ್ಯಾಸೆಟ್ಟಿಗೂ ಹೆಚ್ಚುತ್ತಿತ್ತು.

ರಜೆಗೆ ಊರಿಗೆ ಹೋದಾಗ ಅಮ್ಮ ಮೊಮ್ಮಗನನ್ನು ಮಣೆಯ ಮೇಲೆ ಕೂರಿಸಿ ಉಪ್ಪು-ಮೆಣಸು ನಿವಾಳಿಸಿದಳು. ಥೂ ಥೂ ಎಂದಳು. ಅವನು ಏಳಲಿಲ್ಲ.

"ಅಜ್ಜೀ, ಗಾಡ್ ಬ್ಲೆಸ್ ಹಿಮ್ ಹೇಳ್ಲಿಲ್ಲ. ನೋರಾ ಆಂಟಿ ದಿನಾ ಹೇಳ್ತಾರೆ."

"ಅದು ಯಾರು?"

ನಾನು ತಲೆ ತಗ್ಗಿಸಿ ಎಲ್ಲ ಹೇಳಿದೆ. ಬೈಗುಳಕ್ಕೆ ಕಾದೆ. ಅಮ್ಮ ಮೆಣಸನ್ನು ಒಲೆಗೆ ಹಾಕಿದಳು. ಘಾಟಿಗೆ ಎಲ್ಲರೂ ಕೆಮ್ಮಿದೆವು.

"ಪಾಪ, ಅವಳಿಗೆ ಅಲ್ಲಿ ದೃಷ್ಟಿ ತೆಗೆಯುವುದು ಯಾರು ಮಾರಾಯ್ತಿ?"

ಇಷ್ಟು ವರ್ಷ ನನಗೆ ಅದು ಹೊಳೆದೇ ಇರಲಿಲ್ಲ.

ಮಸ್ಕತ್ತಿಗೆ ಮರಳಿದವಳು ಪೆಟ್ಟಿಗೆಯನ್ನೂ ಬಿಚ್ಚದೆ ನೋರಾಳನ್ನು ಕುರ್ಚಿಯಲ್ಲಿ ಕೂರಿಸಿದೆ. ಅಮ್ಮ ಕಟ್ಟಿಕೊಟ್ಟ ಉಪ್ಪು-ಮೆಣಸನ್ನು ಮುಷ್ಟಿಯಲ್ಲಿ ಹಿಡಿದು ನಿವಾಳಿಸಿದೆ. ಆಕೆ ಮಗುವಿನಂತೆ ಕಣ್ಣು ಮುಚ್ಚಿ ಕೂತಿದ್ದಳು. ಥೂ ಎನ್ನಲು ಬಾಯಿ ತೆರೆದಾಗ ನೆನಪಾಯಿತು, ಅಮ್ಮನಿಗೆ ನಾನು ಒಮ್ಮೆಯೂ ದೃಷ್ಟಿ ತೆಗೆದಿಲ್ಲ.